ಗಂಗಾವತಿಯ ಮದುಮಗಳ ಹಲ್ಲು

ನಮ್ಮ ಮನೆಯಲ್ಲಿ ಯಾವ ಮಾತಿಗೂ ಪುರಾವೆ ಬೇಕಿತ್ತು. ಡಬ್ಬಿಯಲ್ಲಿ ಬೆಲ್ಲ ಕಡಿಮೆಯಾಗಿದೆ ಅಂದರೆ ಪುರಾವೆ, ಹೊಟ್ಟೆ ನೋಯುತ್ತಿದೆ ಅಂದರೆ ಪುರಾವೆ, ನಿನ್ನೆ ಕನಸಿನಲ್ಲಿ ಆನೆ ಬಂದಿತ್ತು ಅಂದರೆ ಅದಕ್ಕೂ ಸಾಕ್ಷಿ. ಹೆದರಿಕೆಯೊಂದಕ್ಕೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ತಾವರಗೇರಾ ಸಂತೆಯಲ್ಲಿ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದ ಹಲ್ಲು ಕೀಳುವ ಮುದುಕನನ್ನು ಹತ್ತು ವರ್ಷದವಳಾಗುವವರೆಗೆ ನಾನು ಒಮ್ಮೆಯೂ ಹತ್ತಿರದಿಂದ ಕಂಡವಳಲ್ಲ. ಆದರೂ ಅವನ ಇಕ್ಕಳ ಮೊಳದುದ್ದ ಇದೆ ಎಂದೂ, ಹಲ್ಲು ಕೀಳಲು ಹೋಗಿ ಒಬ್ಬ ಹುಡುಗಿಯ ನಾಲಿಗೆಯನ್ನೇ ಕಿತ್ತನೆಂದೂ, ಆಕೆ ಈಗ ಯಲಬುರ್ಗಾ ಕಡೆ ಎಲ್ಲೋ ಮೂಕಿಯಾಗಿ ಎಮ್ಮೆ ಕಾಯುತ್ತಾಳೆಂದೂ ನನಗೆ ಖಚಿತವಾಗಿ ಗೊತ್ತಿತ್ತು. ಮೂಕಿಯಾದವಳು ಈ ಸಂಗತಿಯನ್ನು ಯಾರಿಗೆ ಹೇಳಿದಳು, ಅದು ನಮ್ಮ ಓಣಿಗೆ ಹೇಗೆ ಬಂತು? ನಾನು ಕೇಳಲಿಲ್ಲ. ಉಳಿದ ಎಲ್ಲದಕ್ಕೂ ಕೇಳುವವಳು ಇದಕ್ಕೆ ಕೇಳಲಿಲ್ಲ.

ಪುರಾವೆಯ ಚಟ ಹಚ್ಚಿದವನು ನನ್ನ ಕಾಕಾ, ಅಪ್ಪನ ತಮ್ಮ. ಹೈದರಾಬಾದಿನಲ್ಲಿ ವಕೀಲಿ ಓದಿ ಬಂದು ಗಂಗಾವತಿಯಲ್ಲಿ ಕೋಣೆ ಮಾಡಿಕೊಂಡಿದ್ದ. ನಿಜಾಮರ ಕಾಲ, ಶುಕ್ರವಾರ ಕಚೇರಿಗೆ ರಜೆ. ತಿಂಗಳಿಗೆ ಎರಡು ಸಲ ಗುರುವಾರ ಸಂಜೆ ಸಿಕ್ಕ ಮೋಟಾರು, ಸಿಕ್ಕ ಬಂಡಿ ಹಿಡಿದು ಊರಿಗೆ ಬರುತ್ತಿದ್ದ. ಬಂದವನು ಸುಮ್ಮನೆ ಮಲಗುತ್ತಿದ್ದನೇ? ಇಲ್ಲ. ಅಷ್ಟು ದಿನದಲ್ಲಿ ಮನೆಯೊಳಗೆ ಎದ್ದ ಜಗಳಗಳನ್ನೆಲ್ಲ ಮುಂಬಾಗಿಲ ಕಟ್ಟೆಯ ಮೇಲೆ ವಿಚಾರಣೆಗೆ ಹಚ್ಚುತ್ತಿದ್ದ. ನ್ಯಾಯಾಧೀಶರ ಜಾಗದಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಕಾಲು ಚಾಚಿ ಕೂಡುತ್ತಿದ್ದಳು. ಆಕೆಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಎಲೆ ಅಡಿಕೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳಬೇಕು. ಆ ಕುಟ್ಟಾಣಿ ಮೂರು ಸಲ ಠಣ್ ಅಂದರೆ ತೀರ್ಪಾಯಿತೆಂದು ಲೆಕ್ಕ.

ಈ ಕೋರ್ಟಿಗೆ ಕಾಕಾ ಮಾಡಿದ ಕಾನೂನು ಒಂದೇ ಒಂದು. ಯಾರೂ ತಮ್ಮ ಪರ ವಾದಿಸುವಂತಿಲ್ಲ, ಎದುರಿನವರ ಪರ ವಾದಿಸಬೇಕು.

"ತನ್ನ ಸಲುವಾಗಿ ಯಾರು ಬೇಕಾದ್ರೂ ಅಳತಾರ," ಅನ್ನುತ್ತಿದ್ದ. "ಎದುರಿನವರ ಸಲುವಾಗಿ ಮಾತಾಡು, ಆಗ ನೋಡೂಣು ನಿನ್ನ ಶಾಣ್ಯಾತನ."

ಉಪ್ಪಿನಕಾಯಿ ಭರಣಿ ಒಡೆದದ್ದು ಬೆಕ್ಕು ಎಂದು ನಾನು ಫಿರ್ಯಾದು ಕೊಟ್ಟಾಗ, ಕಾನೂನಿನ ಪ್ರಕಾರ ಬೆಕ್ಕಿನ ವಕೀಲಿ ನನ್ನ ಪಾಲಿಗೇ ಬಂತು. ಬೆಕ್ಕಿಗೆ ಮಾವಿನ ಹೋಳು ಸೇರುವುದಿಲ್ಲ. ಬೆಕ್ಕಿನ ಕಾಲಿಗೆ ಎಣ್ಣೆ ಹತ್ತಿಲ್ಲ. ಎಣ್ಣೆ ಹತ್ತಿರುವುದು ಈ ಮನೆಯಲ್ಲಿ ಒಂದೇ ಒಂದು ಲಂಗಕ್ಕೆ. ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ ಬೆಕ್ಕು ಗೆದ್ದಿತು. ಲಂಗ ನನ್ನದಾಗಿತ್ತು. ಅವ್ವ ಬೆನ್ನಿಗೆ ಎರಡು ಕೊಟ್ಟಳು. ನಾನು ಮಾತ್ರ ಮೂರು ದಿನ ಗೆದ್ದ ಗುಂಗಿನಲ್ಲೇ ಓಡಾಡಿದೆ.

ಇಂಥ ಮನೆಯಲ್ಲಿ ನನ್ನ ಎಡಗಡೆಯ ಒಂದು ದವಡೆ ಹಲ್ಲಿಗೆ ಹುಳುಕು ಹತ್ತಿತು.

ಮೊದಲು ಲವಂಗ. ಆಮೇಲೆ ಉಪ್ಪುನೀರು. ಆಮೇಲೆ ಆಯಿಯ ದೊಡ್ಡ ಔಷಧ: ಕಾದ ಕಬ್ಬಿಣದ ಮೇಲೆ ಗುಳ್ಳದ ಬೀಜ ಉದುರಿಸಿ, ಅದರ ಹೊಗೆಯನ್ನು ಬಾಯೊಳಗೆ ಹಿಡಿಸುವುದು. ಹಲ್ಲಿನ ಹುಳ ಹೊಗೆ ತಾಳದೆ ಕೆಳಗಿನ ನೀರಿನ ತಾಟಿಗೆ ಉದುರುತ್ತವಂತೆ. ಹೊಗೆಯಿಂದ ನಾನು ಕೆಮ್ಮಿ ಕಣ್ಣೀರಿಟ್ಟೆ. ತಾಟಿನಲ್ಲಿ ಬೆಳ್ಳಗೆ ಏನೋ ತೇಲಿತು.

"ನೋಡಿಲ್ಲೆ, ಹುಳಾ!" ಅಂದಳು ಆಯಿ.

ನಾನು ಒಂದನ್ನು ಉಗುರಿನ ಮೇಲೆ ಎತ್ತಿ ನೋಡಿದೆ. "ಇದರ ತಲಿ ಎಲ್ಲೈತಿ ತೋರಸು. ಇದು ನಿನ್ನ ಬೀಜದ ತಿರುಳು."

"ಬಾಯಿಬಡಕಿ! ಹಲ್ಲು ನೋಯ್ತೈತಿ, ನಾಲಿಗಿಗೇನೂ ಆಗಿಲ್ಲ ನೋಡು."

ಮರುವಾರ ಕೆನ್ನೆ ಬಾತು ಹೂರಣದ ಕಡಬಿನ ಹಾಗಾಯಿತು. ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: "ಸಂತಿಗೆ ಕರಕೊಂಡು ಹೋಗಿ ಕೀಳಸೂದ ಛಲೋ." ನಾನು ಓಣಿ ಹಾರುವಂತೆ ಚೀರಿದೆ. ಆವತ್ತೇ ಕಾಕಾ ಬಂದಿಳಿದಿದ್ದ. ಚೀಲ ಕೆಳಗಿಡುವ ಮುಂಚೆಯೇ ಅವನ ಕಣ್ಣು ಹೊಳೆದವು.

"ತಕರಾರು ಐತೇನು? ಕಟ್ಟಿಗಿ ಬರ್ರಿ."

ಕಾನೂನು ಗೊತ್ತಲ್ಲ. ಕೀಳಬಾರದು ಎನ್ನುವವಳು ನಾನು, ಆದ್ದರಿಂದ ಕೀಳಬೇಕು ಎಂದು ವಾದಿಸಬೇಕಾದವಳೂ ನಾನೇ. ಕೀಳಬೇಕು ಎನ್ನುವ ಅವ್ವ ಕೀಳಬಾರದೆಂದು ವಾದಿಸಬೇಕು. ಅವ್ವ "ನನಗ ರೊಟ್ಟಿ ಬಡಿಯೂದೈತಿ" ಎಂದು ತನ್ನ ಬದಲು ನನ್ನ ತಂಗಿಯನ್ನು ವಕೀಲಳಾಗಿ ನೇಮಿಸಿದಳು. ತಂಗಿಗೆ ಆಗ ಏಳು ವರ್ಷ.

ನನಗೆ ಒಳಗೊಳಗೇ ಹಿಗ್ಗು. ಸೋತರೆ ಹಲ್ಲು ಉಳಿಯುತ್ತದೆ, ಸೋಲುವುದೇನು ಕಷ್ಟದ ಕೆಲಸವೇ? ತಂಗಿಯನ್ನು ಕೊಟ್ಟಿಗೆಗೆ ಕರೆದೊಯ್ದು ನಾಲ್ಕು ವಾದ ಬಾಯಿಪಾಠ ಮಾಡಿಸಿದೆ. ವಕೀಲಿ ಫೀಜು ಎರಡು ಶೇಂಗಾ ಉಂಡಿ. ಹೇಗೂ ಆ ಹಲ್ಲಿನಿಂದ ನಾನು ಅವನ್ನು ತಿನ್ನುವಂತಿರಲಿಲ್ಲ.

ತಂಗಿ ಕಟ್ಟೆ ಹತ್ತಿ, ಲಂಗ ಸರಿಮಾಡಿಕೊಂಡು ನಿಂತಳು. "ಆಯೀ, ಇದು ಹಾಲಹಲ್ಲು. ತಾನಾಗೇ ಬೀಳತೈತಿ. ತಾನಾಗೇ ಬೀಳೂದನ್ನ ಬಂಡಿ ಹೂಡಿ ಹೋಗಿ ಕೀಳಸೂದು ಯಾಕ?"

ಒಂದಕ್ಷರ ತಪ್ಪಲಿಲ್ಲ. ಕಾಕಾ "ಶಾಬಾಸ್!" ಎಂದು ತೊಡೆ ತಟ್ಟಿದ. ಆಯಿ ಕುಟ್ಟುವುದನ್ನು ನಿಲ್ಲಿಸಿ, "ನನ ಕೂಸ, ಎಷ್ಟು ಶಾಣೆ ಅದೀ," ಎಂದು ಲಟಿಕೆ ಮುರಿದು ದೃಷ್ಟಿ ತೆಗೆದಳು.

ಅಲ್ಲಿಗೆ ಮುಗಿಯಬೇಕಿತ್ತು. ತಲೆ ತಗ್ಗಿಸಿ "ಹೇಳೂದೇನಿಲ್ಲ" ಅಂದಿದ್ದರೆ ನನ್ನ ಹಲ್ಲು ನನ್ನ ಬಾಯಲ್ಲೇ ಇರುತ್ತಿತ್ತು. ಆದರೆ ಆ ಶಾಬಾಸ್! ವಾದ ನನ್ನದು, ಶಾಬಾಸ್ ಅವಳಿಗೆ. ಇದನ್ನು ಯಾರು ತಡೆದುಕೊಳ್ಳುತ್ತಾರೆ? ತಡೆದುಕೊಳ್ಳುವವರಿದ್ದರೆ ಇರಲಿ, ನಾನಲ್ಲ.

"ತಾನಾಗೇ ಬೀಳೂದಿದ್ರ," ನನ್ನ ಬಾಯಿ ನನ್ನನ್ನು ಕೇಳದೆಯೇ ಶುರು ಮಾಡಿತು, "ಕಾಲಾಗ ನಟ್ಟ ಮುಳ್ಳೂ ತಾನಾಗೇ ಬೀಳಬೇಕಲ್ಲ? ಹಂಗಿದ್ರ ಆಯಿ ಯಾಕ ಉಡಿಯಾಗ ಚಿಮಟಿಗಿ ಇಟ್ಟುಕೊಂಡು ತಿರಗತಾಳ?"

ಓಣಿಯ ಮುಳ್ಳುಗಳೆಲ್ಲ ಆಯಿಯ ಚಿಮಟಿಗೆಯಿಂದಲೇ ಹೊರಬರುತ್ತಿದ್ದವು. ಆಕೆಯ ಮುಖ ಅರಳಿತು. ನಾನು ಗೆಲ್ಲತೊಡಗಿದ್ದೆ, ಆದರೂ ಬಾಯಿ ನಿಲ್ಲಲಿಲ್ಲ.

"ಭಾಳ ನೋವಾಗತೈತಿ," ಅಂದಳು ತಂಗಿ. ಇದು ನಾನು ಕಲಿಸಿದ ಎರಡನೆಯ ವಾದ.

"ಎಷ್ಟೊತ್ತು? ಎರಡರ ಮಗ್ಗಿ ಹೇಳಿ ಮುಗಿಸೂದ್ರಾಗ ಆಗಿಹೋಗತೈತಿ!"

ಎಲ್ಲಿಂದ ತಂದೆ ಆ ಲೆಕ್ಕವನ್ನು? ಯಾರೂ ಪುರಾವೆ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಯಾರಾದರೂ ಕೇಳಲಿ ದೇವರೇ ಎಂದು ಹಂಬಲಿಸಿದೆ. ಕೇಳಬೇಕಾದ ತಂಗಿ ಉಳಿದೆರಡು ವಾದಗಳನ್ನು ಮರೆತು, ಉಂಡಿಯ ಬೆಲ್ಲ ಅಂಟಿದ ಬೆರಳನ್ನು ನೋಡುತ್ತ ನಿಂತಿದ್ದಳು. ಆಮೇಲೆ ತನ್ನದೇ ಒಂದನ್ನು ಹೇಳಿದಳು.

"ಬಾಜೂಕಿನ ಹಲ್ಲು ಅಳತಾವ. ಅವಕ್ಕ ಜೋಡಿ ಯಾರೂ ಇರಂಗಿಲ್ಲ." ಅಂದು ತಾನೇ ಅತ್ತಳು.

ಇಡೀ ಕಟ್ಟೆ ಮೆತ್ತಗಾಯಿತು. ಆಯಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಇದು ನಾನು ಹೇಳಿಕೊಟ್ಟ ಮಾತಲ್ಲ. ಈಗಲಾದರೂ ಸುಮ್ಮನಾಗು ಎಂದು ಕೆನ್ನೆ ಟಣಟಣ ಮಿಡಿಯುತ್ತಿತ್ತು.

"ಈ ಹುಳುಕು ಬಾಜೂಕಿನ ಹಲ್ಲಿಗೂ ಹತ್ತಿದ್ರ?" ಅಂದೆ. "ಅವೂ ಅಳತಾವ, ಇದೂ ಅಳತೈತಿ, ನಾನೂ ಅಳತೀನಿ. ಒಂದು ಅಳಬೇಕೋ, ಎಲ್ಲಾರೂ ಅಳಬೇಕೋ? ನೀವ ಹೇಳ್ರಿ."

ಠಣ್, ಠಣ್, ಠಣ್.

"ಗೆದ್ದೆ!" ಎಂದು ಕುಣಿದೆ. ಎರಡು ಸುತ್ತು ಕುಣಿದ ಮೇಲೆ, ಏನು ಗೆದ್ದೆ ಎಂಬುದು ಹೊಳೆಯಿತು.

ಮರುದಿನವೇ ಸಂತೆ. ಎತ್ತಿನ ಕೊರಳಿಗೆ ನೊಗ ಬಿದ್ದ ಕ್ಷಣಕ್ಕೆ ಹಲ್ಲುನೋವು ನಿಂತುಹೋಯಿತು. ಸುಳ್ಳಲ್ಲ, ನಿಜವಾಗಿ ನಿಂತಿತು. ಬೇಕಾದರೆ ಬಡಿದು ನೋಡ್ರಿ ಅಂದೆ.

"ತೀರ್ಪಾದ ಮ್ಯಾಲ ಹೊಸಾ ಪುರಾವೆ ತಗೊಳ್ಳಂಗಿಲ್ಲ," ಅಂದ ಕಾಕಾ, ನನ್ನನ್ನು ಎತ್ತಿ ಬಂಡಿಯೊಳಗೆ ಕೂಡಿಸುತ್ತ.

ಬಂಡಿ ಊರ ಅಗಸಿಬಾಗಿಲು ದಾಟುವುದರಲ್ಲಿ ಹೊಟ್ಟೆ ನೋಯಿತು. ಹಳ್ಳ ದಾಟುವುದರಲ್ಲಿ ಎಡಗಾಲು. ಜಾಲಿಯ ಸಾಲು ಬರುವಷ್ಟರಲ್ಲಿ ನನ್ನ ಮೈಯಲ್ಲಿ ನೋಯದೆ ಇದ್ದದ್ದು ಆ ಹಲ್ಲು ಒಂದೇ. ಬೇರೆ ದಿನ ಮುಗಿಯದ ದಾರಿ ಆವತ್ತು ಹಗ್ಗದಿಂದ ಎಳೆದ ಹಾಗೆ ಎದುರು ಬರುತ್ತಿತ್ತು. ಎತ್ತುಗಳಿಗೆ ನೀರು ಕುಡಿಸೋಣ ಅಂದೆ. ಕುಡಿಸಿದರು. ಮತ್ತೊಮ್ಮೆ ಕುಡಿಸೋಣ ಅಂದೆ. "ಎತ್ತಂದ್ರ ನೀರಿನ ಬಾನಿ ಅದಾವೇನು?" ಅಂದಳು ಆಯಿ. ತಂಗಿ ಇಷ್ಟೂ ಹೊತ್ತು ಎರಡರ ಮಗ್ಗಿಯನ್ನು ಗುನುಗುತ್ತಿದ್ದಳು.

"ಯಾಕ ಅದನ್ನ ಹೇಳಾಕತ್ತಿ?"

"ನೀನ ಹೇಳೀದಿ, ಮಗ್ಗಿ ಮುಗಿಯೂದ್ರಾಗ ಆಕ್ಕೈತಂತ. ನಾ ಎಣಸಾಕಿ," ಅಂದಳು. ಕಡೆಗೂ ನನ್ನ ಮಾತಿಗೆ ಪುರಾವೆ ಕೇಳುವವರು ಒಬ್ಬರು ಸಿಕ್ಕರು.

ಬೇವಿನ ಗಿಡದ ಕೆಳಗಿನ ಮುದುಕನಿಗೆ ಮದರಂಗಿ ಹಚ್ಚಿದ ಕೆಂಪು ಗಡ್ಡ, ಬಾಯಿ ತುಂಬ ಅವನವೇ ಹಲ್ಲು. ಮುಂದೆ ಹಾಸಿದ ಕೆಂಪು ಬಟ್ಟೆಯ ಮೇಲೆ ಕಿತ್ತ ಹಲ್ಲುಗಳ ಸಾಲು. ಇಕ್ಕಳ ನನ್ನ ಗೇಣಿಗಿಂತ ಚಿಕ್ಕದು. ಮೊಳದ ಮಾತು ಅಲ್ಲೇ ಬಿದ್ದುಹೋಯಿತು. ಬಿದ್ದುಹೋದರೇನು, ನಾನು ಆಯಿಯ ಸೆರಗು ಬಿಡಲಿಲ್ಲ.

ನನಗಿಂತ ಮುಂಚೆ ಹನುಮಸಾಗರದ ಕಡೆಯ ರೈತರ ಹುಡುಗನೊಬ್ಬ ಕೂತಿದ್ದ. ಅವನ ತುಟಿಯನ್ನು ಅವರಪ್ಪನೂ ಬಿಡಿಸಲಾರ, ಅಷ್ಟು ಬಿಗಿ. ಮುದುಕ ಇಕ್ಕಳ ಮುಟ್ಟಲೇ ಇಲ್ಲ. "ಎಮ್ಮಿ ಅದಾವೇನು ಮನ್ಯಾಗ? ಆ ದಿಬ್ಬದ ಮ್ಯಾಲಿದ್ರ ಹ್ಯಾಂಗ ಕರೀತಿ? ನಿನಗ ಬರಂಗಿಲ್ಲ ಬಿಡು," ಅಂದ. ಹುಡುಗನಿಗೆ ಅವಮಾನವಾಯಿತು. "ಹೋಓಓ" ಎಂದು ಸಂತೆಯೇ ತಿರುಗಿ ನೋಡುವಂತೆ ಕೂಗಿದ. ಕೂಗು ಮುಗಿಯುವುದರಲ್ಲಿ ಹಲ್ಲು ಬಟ್ಟೆಯ ಮೇಲಿತ್ತು.

ಓಹೋ, ಇದೇನಾ ನಿನ್ನ ಯುಕ್ತಿ, ಅಂದುಕೊಂಡೆ. ಹಾಗಾದರೆ ನೀನು ಏನು ಕೇಳಿದರೂ ನಾನು ಉತ್ತರ ಕೊಡುವುದಿಲ್ಲ. ಮೂಗಿನಲ್ಲಿ ಉಸಿರಾಡುತ್ತೇನೆ. ತುಟಿ ಹೊಲಿದುಕೊಂಡು ಮಣೆಯ ಮೇಲೆ ಕೂತೆ. ಪಕ್ಕದಲ್ಲಿ ತಂಗಿ, ಮಗ್ಗಿಗೆ ಬಾಯಿ ಸಜ್ಜು ಮಾಡಿಕೊಂಡು.

ಅವನು ನನ್ನನ್ನು ಏನೂ ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬೆರಳಿಗೆ ಲವಂಗದ ಎಣ್ಣೆ ಸವರಿಕೊಳ್ಳುತ್ತ ತಂಗಿಗೆ ತನ್ನ ಆಸ್ತಿ ತೋರಿಸತೊಡಗಿದ.

"ನೋಡು ಬೇಟಿ, ಇದು ಕೊಪ್ಪಳದ ಪೈಲವಾನಂದು. ಮೂರು ಮಂದಿ ಹಿಡಕೊಂಡಿದ್ರು ಅವನನ್ನ. ಇದು ಕುಷ್ಟಗಿ ಸಾಹುಕಾರರದು, ಬಂಗಾರ ಕಟ್ಟಸಬೇಕಂದಿದ್ರು, ಪುರಸತ್ತು ಕೊಡಲಿಲ್ಲ ನಾನು. ಇದು, ಇದನ್ನ ನೋಡು, ಗಂಗಾವತಿ ಮದುಮಗಳದು. ಅಕ್ಕಿಕಾಳು ಬೀಳಾಕ ಅರ್ಧಾ ತಾಸಿತ್ತು, ಹಲ್ಲು ಹಿಡಕೊಂಡು ಅಳಾಕತ್ತಿದ್ಲು. ಕಿತ್ತೆ. ನಕ್ಕೋತ ಹೋಗಿ ಮಾಲಿ ಹಾಕಿದ್ಲು."

ನಾನು ಬಗ್ಗಿ ನೋಡಿದೆ. ಉದ್ದನೆಯ ಕಾಂಡ, ಸಲಿಕೆಯ ಹಾಗೆ ಅಗಲವಾದ ತುದಿ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದರು. ಕುರಿಯವರು ಕುರಿಯ ತುಟಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದನ್ನು ನಾನು ವರ್ಷವರ್ಷವೂ ಕಂಡವಳು. ಇದು ಮದುಮಗಳೇ? ಇಂಥ ಮದುಮಗಳು ಇದ್ದರೆ ಆಕೆ ಮಾಲೆ ಹಾಕುತ್ತಿರಲಿಲ್ಲ, ತಿನ್ನುತ್ತಿದ್ದಳು!

ತಂಗಿ "ಅಯ್ಯ, ಪಾಪ," ಅಂದಳು. ಕಾಕಾ, ವಕೀಲ ಕಾಕಾ, ತಲೆದೂಗಿದ. ಆಯಿಯಂತೂ "ಒಳ್ಳೇ ಕೆಲಸ ಮಾಡಿದ್ರಿ," ಅಂದಳು. ಒಬ್ಬರಿಗಾದರೂ ಪುರಾವೆ ಬೇಡವೇ? ನಾನು ಒಂದು ಉಸಿರು ತಡೆದೆ. ಎರಡು ಉಸಿರು ತಡೆದೆ. ಕಿವಿ ಬಿಸಿಯಾದವು.

"ಸುಳ್ಳು!" ಅಂದೆ. "ಇದು ಕುರಿ ಹಲ್ಲು! ಪುರಾ..."

"ಎರಡೊಂದ್ಲೆ ಎರಡು," ಅಂದಳು ತಂಗಿ.

ಅಷ್ಟೇ. ಟಕ್ ಎಂದು ಒಂದು ಸದ್ದು, ಅದೂ ತಲೆಯೊಳಗೆ. ಮುದುಕನ ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ನನ್ನ ಹಲ್ಲು, ನನ್ನ ಬಾಯಲ್ಲಿ "ವೆ" ಇನ್ನೂ ಹಾಗೇ ಉಳಿದಿತ್ತು. ಅದನ್ನು ಹೇಳುವ ಮೊದಲೇ ಅವನು ಎಣ್ಣೆಯಲ್ಲಿ ಅದ್ದಿದ ಅರಿವೆಯ ಉಂಡೆಯನ್ನು ತುರುಕಿ, "ಮನಿ ಮುಟ್ಟೂತನಕಾ ಬಾಯಿ ತಗೀಬ್ಯಾಡ," ಅಂದ. ನೋವಾಯಿತೇ? ನೀವು ಕೇಳುತ್ತೀರೆಂದು ಗೊತ್ತು. ಆಗಿರಬೇಕು. ಆದರೆ ಆಗ ನನಗೆ ಸಿಟ್ಟಿನ ಹೊರತು ಬೇರೆಯದಕ್ಕೆ ಬಿಡುವಿರಲಿಲ್ಲ. ವಾದದ ನಡುವೆ ಬಾಯಿ ಮುಚ್ಚಿಸಿಕೊಂಡದ್ದು ಅದೇ ಮೊದಲು.

ಬರುವಾಗ ಬಂಡಿಯಲ್ಲಿ ತಂಗಿ ಮುಷ್ಟಿ ಬಿಚ್ಚಿದಳು. "ಅಕ್ಕಾ, ನಿನ್ನ ಹಲ್ಲು ತಂದೀನಿ. ಮುದುಕ ಆ ಕಡೆ ಹೊಳ್ಳಿದಾಗ ತಗೊಂಡೆ. ಸಗಣ್ಯಾಗಿಟ್ಟು ಮಾಳಗಿ ಮ್ಯಾಲ ಒಗದ್ರ ಹೊಸಾದು ಬರತೈತಿ."

ಅಂಗೈಯಲ್ಲಿ ಇದ್ದದ್ದು ಗಂಗಾವತಿಯ ಮದುಮಗಳು.

ನಾನು ಕೈ ಬೀಸಿದೆ. ತಲೆ ಅಲ್ಲಾಡಿಸಿದೆ. "ಮ್ಮ್! ಮ್ಮ್!" ಅಂದೆ. ಕುರಿಯ ಹಾಗೆ ಕಿವಿ ಮಾಡಿ ತೋರಿಸಿದೆ.

"ಎಷ್ಟು ಖುಷಿಯಾಗ್ಯಾಳ ನೋಡ್ರಿ," ಅಂದಳು ಆಯಿ.

"ಈಕಿ ಬಾಯಿ ಮುಚ್ಚಿದ್ದು ನಾ ನೋಡಿದ್ದ ಇಲ್ಲ," ಅಂದ ಕಾಕಾ. "ಎಷ್ಟು ಛಲೋ ಗಾಳಿ ಬೀಸಾಕತ್ತೈತಿ!"

ಊರು ಮುಟ್ಟಿದ್ದೇ ತಂಗಿ ಬಂಡಿಯಿಂದ ಹಾರಿ ಕೊಟ್ಟಿಗೆಗೆ ಓಡಿದಳು. ನಾನು ಅರಿವೆ ಉಗುಳಿ, ಬಾಯಿ ಮುಕ್ಕಳಿಸಿ, ಮಾತು ಬರುವಷ್ಟರಲ್ಲಿ ಸಗಣಿಯ ಉಂಡೆ ಮಾಳಿಗೆಯ ಆಚೆ ಎಲ್ಲೋ ಪಟ್ಟೆಂದು ಬಿದ್ದಿತ್ತು.

"ಅದು ಕುರಿ ಹಲ್ಲು," ಅಂದೆ.

ತಂಗಿ ಬೆಳ್ಳಗಾದಳು. "ಹಂಗಾದ್ರ ನಿನಗ ಈಗ..."

ಆಯಿ ಗೋಡೆಗೆ ಆತುಕೊಂಡು ನಕ್ಕಳು. ಎರಡೂ ಹಲ್ಲು ಕಾಣುವಂತೆ ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು. ತಂಗಿ ನಗಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಬಾಯಿ ಬಿಡಿಸಿ ನೋಡಿದಳು. ಅದರ ಮರುದಿನವೂ. ಊಟಕ್ಕೆ ಕೂತರೆ ನಾನು ಸೊಪ್ಪನ್ನು ಹೇಗೆ ಅಗಿಯುತ್ತೇನೆಂದು ಗಮನಿಸಿದಳು. ಸಗಣಿಗೂ ಹಲ್ಲಿಗೂ ಸಂಬಂಧ ಏನು, ಕಾಗೆ ಎತ್ತಿಕೊಂಡು ಹೋಗಿದ್ದರೆ ಕಾಗೆಗೆ ಹಲ್ಲು ಬರುತ್ತದೇನು ಎಂದು ನಾನು ಅರ್ಧ ದಿನ ವಾದಿಸಿ ಅವಳನ್ನು ಸೋಲಿಸಿದೆ. ಸೋಲಿಸಿ, ಯಾರೂ ಇಲ್ಲದಾಗ ಒಸಡನ್ನು ನಾಲಿಗೆಯಿಂದ ತಡವಿ ನೋಡಿಕೊಂಡೆ. ಸಲಿಕೆ ಏನಾದರೂ ತಾಗುತ್ತದೇನೋ ಎಂದು.

ಮುಂದಿನ ಸಂತೆಗೆ ನಾವಿಬ್ಬರೂ ಆಯಿಯ ಬೆನ್ನು ಹತ್ತಿದೆವು, ನನ್ನ ಹಲ್ಲನ್ನು ವಾಪಸು ತರಲು. ಬಂಡಿ ನಿಂತದ್ದೇ ಬೇವಿನ ಗಿಡದ ಕಡೆಗೆ ಓಡಿದೆ. ಅರ್ಧ ದಾರಿಯಲ್ಲಿ ನೆನಪಾಯಿತು: ಹೊಟ್ಟೆ ನೋಯಲಿಲ್ಲ, ಕಾಲೂ ನೋಯಲಿಲ್ಲ.

ಮಣೆಯ ಮೇಲೆ ಒಬ್ಬ ಪುಟ್ಟ ಹುಡುಗಿ, ತಂಗಿಯಷ್ಟೇ. ತುಟಿ ಎರಡೂ ಒಳಗೆ ಹೋಗಿದ್ದವು. ಲಂಗದ ಅಂಚು ಮುಷ್ಟಿಯಲ್ಲಿ ಹಿಂಡಿ ಹಿಪ್ಪೆಯಾಗಿತ್ತು. ಆ ಮುಷ್ಟಿ ನನಗೆ ಗೊತ್ತಿತ್ತು.

"...ಮತ್ತ ಇದು," ಎಂದು ಮುದುಕ ಒಂದು ಹಲ್ಲನ್ನು ಬೆಳಕಿಗೆ ಹಿಡಿದ, "ಗಂಗಾವತಿ ಮದುಮಗಳದು. ಅಕ್ಕಿಕಾಳು ಬೀಳಾಕ ಅರ್ಧಾ ತಾಸಿತ್ತು..."

ಅದು ನನ್ನ ಹಲ್ಲು. ಎಡಕ್ಕೆ ಕಪ್ಪು ಕುಳಿ. ಎಷ್ಟೋ ದಿನ ನನ್ನ ನಾಲಿಗೆ ಅಲ್ಲೇ ಮನೆ ಮಾಡಿತ್ತು. ಪುರಾವೆ ಕೈಗೆಟಕುವಷ್ಟು ಹತ್ತಿರ, ಅಷ್ಟು ಗಟ್ಟಿ ಪುರಾವೆ ನನಗೆ ಆಮೇಲೆ ಎಂದೂ ಸಿಕ್ಕಿಲ್ಲ. ಮುದುಕ ನನ್ನನ್ನು ಕಂಡ, ಗುರುತು ಹಿಡಿದ, ಒಂದು ಹುಬ್ಬನ್ನು ಮಾತ್ರ ಮೇಲೆತ್ತಿದ. ಹುಡುಗಿಯೂ ತಿರುಗಿ ನನ್ನನ್ನು ನೋಡಿದಳು. ಅವಳಿಗೆ ಯಾರಾದರೂ ಏನಾದರೂ ಹೇಳಬೇಕಿತ್ತು.

"ಹೌದು," ಅಂದೆ. "ಆ ಮದುವಿಗೆ ನಾನೂ ಹೋಗಿದ್ದೆ. ನಕ್ಕೋತ ಬಂದ್ಲು."

"ಖರೇ..." ಎಂದು ಹುಡುಗಿಯ ಬಾಯಿ ತೆರೆಯಿತು. ಟಕ್.

"ಸುಳ್ಳು!" ಎಂದು ತಂಗಿ ಚೀರಿದಳು. "ನೀ ಯಾವ ಮದುವಿಗೂ ಹೋಗಿಲ್ಲ! ಅದು ನಮ್ಮಕ್ಕನ..."

ಮುದುಕ ಅವಳ ತೆರೆದ ಬಾಯೊಳಗೆ ಮೆಲ್ಲಗೆ ಬಗ್ಗಿ ನೋಡಿದ. "ಅರೆ ಬೇಟಿ, ಬಲಕ್ಕ ಒಂದು ಕರ್ರಗ ಕಾಣಸ್ತೈತಲ್ಲ?"

ತಂಗಿಯ ಎರಡೂ ಅಂಗೈ ಬಾಯಿಗೆ ಹೋದವು. ನನಗೆ ನಗು ಉಕ್ಕಿತು. ಮುದುಕ ನನ್ನ ಕಡೆಗೂ ಬಗ್ಗತೊಡಗಿದ. ನಾನೂ ಬಾಯಿ ಮುಚ್ಚಿಕೊಂಡೆ. ನನ್ನ ಹಲ್ಲು ಆ ಕೆಂಪು ಬಟ್ಟೆಯ ಮೇಲೇ ಉಳಿಯಿತು. ನಾವು ಸಂತೆಯ ನಡುವೆ ಮೆಣಸಿನಕಾಯಿ ರಾಶಿ ದಾಟಿ, ಕುರಿಗಳ ಹಿಂಡು ದಾಟಿ ಬಂಡಿಯವರೆಗೂ ಓಡಿದೆವು, ಇಬ್ಬರೂ ತುಟಿ ಬಿಗಿಹಿಡಿದು, ಮೂಗಿನಿಂದಲೇ ನಗುತ್ತ.